ಎಂಜಿನ್ನಿಗೆ ತೊಡಿಸಿದ ಬಳೆ

ಬೆಳಗಿನ ಹೊತ್ತು ಕಾರು ಚೆನ್ನಾಗಿಯೇ ಓಡುತ್ತಿತ್ತು. ಬಿಸಿಯಾದ ಮೇಲೆ ಕೆಡುತ್ತಿತ್ತು. ಇಷ್ಟನ್ನು ಖಚಿತಪಡಿಸಿಕೊಳ್ಳುವುದಕ್ಕೇ ನಟರಾಜುವಿಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಯಾಕೆ ಕೆಡುತ್ತದೆ ಎಂಬುದು ತಿಳಿದದ್ದು, ಮುಕ್ತಿಯಾರ್ ಸಾಹೇಬರು ಊರು ಬಿಡುವುದಕ್ಕೆ ಇನ್ನೊಂದೇ ವಾರ ಉಳಿದಿದ್ದಾಗ.

ನಟರಾಜು ರಾಮನಗರದ ಒಂದು ಖಾಸಗಿ ಐ.ಟಿ.ಐ.ನಲ್ಲಿ ವರ್ಕ್‌ಶಾಪ್ ಲೆಕ್ಕ ಮತ್ತು ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು. ಹುಟ್ಟೂರು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ. ಅಲ್ಲಿ ಈಗ ಅವನವರೆನ್ನುವವರು ಯಾರೂ ಉಳಿದಿರಲಿಲ್ಲ. ತಾಯಿ ಮಾಯಮ್ಮ ಬದುಕಿರುವ ತನಕ ಚನ್ನಪಟ್ಟಣದ ಬಾಡಿಗೆ ಮನೆಯಲ್ಲಿ ಇಬ್ಬರ ಅಡಿಗೆ ಆಗುತ್ತಿತ್ತು. ಆಕೆ ಹೋದ ಮೇಲೆ ಒಬ್ಬನ ಮುದ್ದೆಗೆ ಎಷ್ಟು ಹಿಟ್ಟು ಹಾಕಬೇಕೆಂಬ ಅಂದಾಜು ಅವನಿಗೆ ಬಹಳ ದಿನ ಸಿಗಲಿಲ್ಲ. ಮದುವೆಯ ಮಾತು ಒಂದೆರಡು ಸಲ ಬಾಗಿಲ ತನಕ ಬಂದು ಹಾಗೆಯೇ ಹಿಂದಿರುಗಿತ್ತು. ನಲವತ್ತೈದು ದಾಟಿದ ಮೇಲೆ ಅದೂ ಬರುವುದನ್ನು ನಿಲ್ಲಿಸಿತು.

ಎದುರು ಮನೆಯ ಮುಂಗೋಣೆಯಲ್ಲಿ ಮುಕ್ತಿಯಾರ್ ಸಾಹೇಬರ ಮರ ಕಡೆಯುವ ಲೇತು. ಬಳೆ, ಬುಗುರಿ, ಚದುರಂಗದ ಕಾಯಿ, ಮಕ್ಕಳು ಕಚ್ಚುವ ಗಿಲಕಿ, ಏನು ಬೇಕಾದರೂ ಅವರ ಉಳಿಯ ಬಾಯಿಂದ ಉರುಳಿ ಬರುತ್ತಿತ್ತು. ಸಂಜೆ ರಾಮನಗರದಿಂದ ರೈಲಿಳಿದು ಬಂದವನು ಮನೆಯ ಬೀಗ ತೆಗೆಯುವ ಮೊದಲು ಆ ಕೋಣೆಗೆ ಹೋಗುತ್ತಿದ್ದ. ಬಾಗಿಲ ಪಕ್ಕದಲ್ಲಿ ಅವನಿಗೆಂದೇ ಒಂದು ಮುಕ್ಕಾಲಿ ಇತ್ತು. ಬೇರೆಯವರು ಅದರ ಮೇಲೆ ಕೂತರೆ ಸಾಹೇಬರು ಎಬ್ಬಿಸುತ್ತಿದ್ದರು. ಅವನು ಅವರನ್ನು ಭಾಯ್ ಎನ್ನುತ್ತಿದ್ದ. ಅವನಿಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರಾದ ಅವರು, ಅರ್ಧ ಗೌರವಕ್ಕೆ ಅರ್ಧ ತಮಾಷೆಗೆ, ಅವನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಮಾತು ಹೆಚ್ಚೇನೂ ಇರುತ್ತಿರಲಿಲ್ಲ. ತಿರುಗುವ ಮರಕ್ಕೆ ಸಾಹೇಬರು ಅರಗಿನ ಕಡ್ಡಿ ಒತ್ತುವರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ತಾಳೆಗರಿಯಿಂದ ತೀಡಿದರೆ ಹೊಳಪು ಏಳುವುದು. ಅದನ್ನು ನೋಡುತ್ತ ಟೀ ಕುಡಿದು ಮನೆಗೆ ಹೋದರೆ ಅವತ್ತಿನ ದಿನ ಮುಗಿಯಿತು ಎನ್ನಿಸುತ್ತಿತ್ತು.

ಕಾರು ಬಂದದ್ದು ತಾಯಿ ಹೋದ ಮಾರನೆಯ ವರ್ಷ. ಕನಕಪುರದಲ್ಲಿ ಡಾಕ್ಟರೊಬ್ಬರ ಮನೆಯ ಹಿಂದೆ ತೆಂಗಿನ ಗರಿ ಹೊದ್ದು ನಿಂತಿದ್ದ ಹಳೆಯ ಅಂಬಾಸಿಡರ್ ಅದು. ಅವನಿಗೆ ಹೋಗಬೇಕಾದ ಊರೇನೂ ಇರಲಿಲ್ಲ. ಭಾನುವಾರಗಳು ಮಾತ್ರ ಇದ್ದವು. ಆ ಭಾನುವಾರಗಳಿಗಾಗಿ ಒಂದು ದೊಡ್ಡ ಕೆಲಸ ಹಚ್ಚಿಕೊಂಡ: ಎಂಜಿನ್ನಿನಲ್ಲಿ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಕಿತ್ತುಹಾಕಿ ಫ್ಯೂಯೆಲ್ ಇಂಜೆಕ್ಷನ್ ಕೂರಿಸುವುದು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅಪಘಾತಕ್ಕೆ ಸಿಕ್ಕಿದ ಯಾವುದೋ ವಿದೇಶಿ ಕಾರಿನ ಇಂಜೆಕ್ಟರುಗಳು, ಕಂಪ್ಯೂಟರ್ ಡಬ್ಬಿ, ತಂತಿಗಳ ಗೋಜಲು ಎಲ್ಲ ಸಿಕ್ಕಿತು. ಅದರ ಜೊತೆಗೆ, ಅಂಗೈಯಗಲದ ಕೊಳವೆಯಂಥ ಒಂದು ಏರ್ ಫ್ಲೋ ಸೆನ್ಸರ್.

ಅದನ್ನು ಮೊದಲು ತೋರಿಸಿದ್ದೇ ಸಾಹೇಬರಿಗೆ. ಕೊಳವೆಯ ನಡುವೆ ಕೂದಲಿಗಿಂತ ಸಣ್ಣದೊಂದು ತಂತಿ. ಕಾರ್ಬುರೇಟರ್ ಅಂದಾಜಿನ ಮೇಲೆ ಬದುಕುವ ವಸ್ತು, ಇದು ಹಾಗಲ್ಲ ಎಂದು ನಟರಾಜು ವಿವರಿಸಿದ. ಈ ತಂತಿಯನ್ನು ಕರೆಂಟು ಸದಾ ಒಂದೇ ಹದದಲ್ಲಿ ಬಿಸಿಯಾಗಿಟ್ಟಿರುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಇದನ್ನು ಸವರಿಕೊಂಡು ಹೋಗಬೇಕು. ಗಾಳಿ ಹೆಚ್ಚಾದಷ್ಟೂ ತಂತಿ ತಣ್ಣಗಾಗುತ್ತದೆ, ಬಿಸಿ ಉಳಿಸಿಕೊಳ್ಳಲು ಹೆಚ್ಚು ಕರೆಂಟು ಬೇಡುತ್ತದೆ. ಎಷ್ಟು ಬೇಡಿತು ಎಂಬುದರ ಮೇಲೆ ಒಳಗೆ ಬಂದ ಗಾಳಿಯ ತೂಕ ಗೊತ್ತಾಗುತ್ತದೆ. ಅದಕ್ಕೆ ಸರಿಯಾಗಿ ಕಂಪ್ಯೂಟರು ಪೆಟ್ರೋಲು ಬಿಡುತ್ತದೆ.

"ಗಾಳಿ ತೂಗೋ ತಕ್ಕಡಿ ಅನ್ನಿ," ಎಂದರು ಸಾಹೇಬರು. "ಇನ್ನು ಸಂತೇಲಿ ಅದ್ನೂ ಮಾರ್ತಾರೆ."

ಸೆನ್ಸರಿನ ಬಾಯಿ ದೊಡ್ಡದು, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಚಿಕ್ಕದು. ಎರಡನ್ನೂ ಕೂಡಿಸುವುದಕ್ಕೆ ಒಂದು ಬಳೆ ಬೇಕಾಯಿತು. ಐ.ಟಿ.ಐ.ನ ಲೇತಿನಲ್ಲಿ ಅಲ್ಯುಮಿನಿಯಂ ಬಳೆಯನ್ನು ನಟರಾಜು ತಾನೇ ಕಡೆದುಕೊಳ್ಳಬಹುದಿತ್ತು. ಆದರೆ ಆ ತಿಂಗಳು ಸಾಹೇಬರ ಲೇತು ಸುಮ್ಮನೆ ನಿಂತಿತ್ತು. ಹೆದ್ದಾರಿ ಅಗಲವಾಗಿ ಅವರ ಆಟಿಕೆ ಕೊಳ್ಳುತ್ತಿದ್ದ ಎರಡು ಅಂಗಡಿಗಳು ಹೋಗಿದ್ದವು. ಉಳಿದ ಅಂಗಡಿಗಳ ಮುಂದೆ ಚೀನಾದ ಪ್ಲಾಸ್ಟಿಕ್ ಗೊಂಬೆಗಳು ತೂಗುತ್ತಿದ್ದವು. ಓಣಿಯ ಹುಡುಗರೆಲ್ಲ ಬೆಳಿಗ್ಗೆಯೇ ಬಿಡದಿಯ ಕಾರ್ಖಾನೆಗಳ ಬಸ್ಸು ಹತ್ತುತ್ತಿದ್ದರು. ಸದ್ದಿಲ್ಲದ ಆ ಕೋಣೆಯಲ್ಲಿ ಕೂತು ಟೀ ಕುಡಿಯುವುದು ನಟರಾಜುವಿಗೆ ಕಷ್ಟವಾಗಿತ್ತು. ಮರ ಬಿಸಿಯನ್ನು ಬೇಗ ಹಾಯಗೊಡುವುದಿಲ್ಲ, ಹಾಗಾಗಿ ಮರದ್ದೇ ಒಳ್ಳೆಯದು ಎಂದು ತನಗೇ ಒಂದು ಕಾರಣ ಹೇಳಿಕೊಂಡು, ಕಾಗದದ ಮೇಲೆ ಅಳತೆ ಗುರುತು ಹಾಕಿ ತಂದುಕೊಟ್ಟ.

"ಮುದುಕಿ ಕಾರಿಗೆ ಬಳೆ ತೊಡುಸ್ತಾ ಇದೀರಾ," ಎಂದರು ಸಾಹೇಬರು. "ಸೀಮಂತ ಯಾವಾಗ?"

"ಬಣ್ಣಗಿಣ್ಣ ಬ್ಯಾಡ ಭಾಯ್. ಬರೀ ಮರ ಸಾಕು. ಒಳಗಡೆ ಕೂತ್ಕಳೋ ಸಾಮಾನು, ಯಾರೂ ನೋಡಕ್ಕಿಲ್ಲ."

"ಯಾರೂ ನೋಡ್ದೆ ಇದ್ರೆ ನೀವು ಬೆತ್ತಲೆ ಓಡಾಡ್ತೀರಾ ಮೇಷ್ಟ್ರೇ?"

ಆಟಿಕೆಗೆ ಬಳಸುವ ಆಲೆಮರದಲ್ಲೇ ಕಡೆದ ಬಳೆ ಎರಡು ದಿನದಲ್ಲಿ ಬಂತು. ಅಳತೆ ಎಲ್ಲೂ ತಪ್ಪಿರಲಿಲ್ಲ. ಆದರೆ ಒಳಗೂ ಹೊರಗೂ ಕೆಂಪು ಅರಗು ಹೊದ್ದಿತ್ತು, ಅಂಚಿನಲ್ಲಿ ಎರಡು ಹಳದಿ ಗೆರೆ ಸುತ್ತಿದ್ದವು, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಬರಿಯ ಮರವನ್ನು ಹೊಸಿಲು ದಾಟಿಸುವುದು ಸಾಹೇಬರ ಕೈಗೆ ಗೊತ್ತೇ ಇರಲಿಲ್ಲ. ಅವರ ತಂದೆಯ ಕಾಲದಿಂದ ಆ ಕೋಣೆಯಿಂದ ಬಣ್ಣ ಉಡದೆ ಹೊರಗೆ ಹೋದ ಸಾಮಾನಿಲ್ಲ. ನಟರಾಜು ಬಳೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಅರಗು ಎಷ್ಟು ಬಿಸಿಗೆ ಮೆತ್ತಗಾಗುತ್ತದೆ ಎಂಬ ಪ್ರಶ್ನೆ ಮನಸ್ಸಿಗೆ ಬಂದದ್ದೂ ನಿಜ. ಬಳೆಯ ಮೂಲಕ ಹಾಯುವುದು ಹೊರಗಿನ ತಣ್ಣನೆಯ ಗಾಳಿ ತಾನೆ ಎಂದು ಅದನ್ನು ಅಲ್ಲಿಗೇ ಬಿಟ್ಟ. ಅವತ್ತು ಸಂಜೆ ಸಾಹೇಬರು ತಾವೇ ಬಾನೆಟ್ ಎತ್ತಿಸಿ, ಬಳೆ ಕೂತದ್ದನ್ನು ನೋಡಿ, ಅಂಗಿಯ ಚುಂಗಿನಿಂದ ಒಂದು ಸಲ ಒರೆಸಿ ಹೋದರು.

ಕಾರು ಓಡಿತು, ಮುದುಕಿಗೆ ಪ್ರಾಯ ಬಂದಂತೆ. ಆದರೆ ದೂರ ಹೋಗಿ ನಿಲ್ಲಿಸಿ ಮತ್ತೆ ಹೊರಟರೆ, ಇಲ್ಲವೇ ಏರಿನಲ್ಲಿ ನಿಧಾನವಾದರೆ, ಎಂಜಿನ್ ಏದುಸಿರು ಬಿಟ್ಟು ನಡುಗಿ ನಿಂತುಬಿಡುತ್ತಿತ್ತು. ನಟರಾಜು ಸೆನ್ಸರಿನ ಮೇಲೆ ಸಂಶಯಪಟ್ಟ, ಇಂಜೆಕ್ಟರುಗಳನ್ನು ತೊಳೆದ, ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಪರೀಕ್ಷೆಯೆಲ್ಲ ನಡೆಯುತ್ತಿದ್ದುದು ಮನೆಯ ಮುಂದೆ, ಎಂಜಿನ್ ತಣ್ಣಗಿದ್ದಾಗ. ತಣ್ಣಗಿದ್ದಾಗ ಯಾವ ದೋಷವೂ ಇರುತ್ತಿರಲಿಲ್ಲ.

ಈ ನಡುವೆ ಸಾಹೇಬರ ಹೆಂಡತಿ ಶರ್ಫುನ್ನೀಸಾ ಮಗಳು ಮೆಹ್ರೀನಳ ಬಾಣಂತನಕ್ಕೆಂದು ಶಿಡ್ಲಘಟ್ಟಕ್ಕೆ ಹೋದರು. ಅಳಿಯ ಓವೈಸ್‌ಗೆ ಅಲ್ಲಿ ರೇಷ್ಮೆ ನೂಲು ತೆಗೆಯುವ ಘಟಕವಿತ್ತು. ಹೋದವರು ಹಿಂದಿರುಗಲಿಲ್ಲ, ಮೊಮ್ಮಗನನ್ನು ಬಿಟ್ಟು ಬರಲಾರೆನೆಂದು ಹೇಳಿಕಳಿಸಿದರು. ಸಾಹೇಬರ ಒಂದು ಕಣ್ಣಿಗೆ ಪೊರೆ ಬಂದಿತ್ತು, ಉಳಿಯ ತುದಿ ಎರಡಾಗಿ ಕಾಣುತ್ತಿತ್ತು. ಲೇತನ್ನು ಮೈಸೂರಿನವರೊಬ್ಬರು ಬಂದು ಒಯ್ದರು. ನಾನೂ ಹೋಗಿಬಿಡುತ್ತೇನೆ ಎಂದು ಸಾಹೇಬರು ಹೇಳಿದ ಸಂಜೆ, ನಟರಾಜು ಮುಕ್ಕಾಲಿಯ ಮೇಲೆ ಕೂತಿದ್ದ. ಬಸ್ಸು ರೈಲು ಏನೂ ಬೇಡ, ಕಾರಿನಲ್ಲಿ ನಾನೇ ಬಿಟ್ಟುಬರುತ್ತೇನೆ ಎಂದ. ಅದಕ್ಕೆ ಸಾಹೇಬರು, ನಿಮ್ಮ ಕಾರಿಗೆ ದಮ್ಮು ಇದ್ದರೆ ಆಗಲಿ ಎಂದು ನಕ್ಕರು.

ಅಂದಿನಿಂದ ಆ ಒಂದು ದಿನದ ಪಯಣವೇ ನಟರಾಜುವಿನ ತಲೆಯಲ್ಲಿ ಕೂತಿತು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಓಣಿ ದಾಟಿ ಎಲ್ಲಿಗೂ ಹೋಗಿರಲಿಲ್ಲ. ಇನ್ನು ಮುಂದೆ ಹೋಗುವುದೂ ಇಲ್ಲ.

ಭಾನುವಾರ ಕನಕಪುರದ ತನಕ ಹೋಗಿ, ಎಂಜಿನ್ ಚೆನ್ನಾಗಿ ಕಾದಿರುವಾಗಲೇ ಬಂದು ಮನೆಯ ಮುಂದೆ ನಿಲ್ಲಿಸಿದ. ಬಾನೆಟ್ ಎತ್ತಿ, ನಡುಗುತ್ತಿದ್ದ ಎಂಜಿನ್ನಿನ ಒಂದೊಂದು ಜೋಡಣೆಯ ಹತ್ತಿರವೂ ಊದುಬತ್ತಿ ಹಿಡಿದು ಹೊಗೆಯನ್ನೇ ನೋಡಿದ. ಎಲ್ಲ ಕಡೆ ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಮರದ ಬಳೆಯ ಹತ್ತಿರ ಮಾತ್ರ ಬಾಗಿ, ದಾರದಂತೆ ಎಳೆದುಕೊಂಡು, ಪೈಪಿನ ಅಂಚಿನಲ್ಲಿ ಮಾಯವಾಯಿತು. ಬೆರಳಿಟ್ಟ. ಅರಗು ಮೆತ್ತಗಾಗಿತ್ತು, ಬೆರಳಚ್ಚು ಹಾಗೆಯೇ ಮೂಡಿತು. ಓಡುವಾಗ ತಣ್ಣನೆಯ ಗಾಳಿ ಬಳೆಯನ್ನು ಕಾಯುತ್ತಿತ್ತು. ನಿಂತಾಗ, ಏರು ಹತ್ತುವಾಗ, ಎಂಜಿನ್ನಿನ ಕಾವು ಬಾನೆಟ್ಟಿನ ಕೆಳಗೆ ಕವಿದು ಅರಗು ಕರಗುತ್ತಿತ್ತು, ಪೈಪು ಜಾರಿ ಸಂದು ಬಿಡುತ್ತಿತ್ತು. ಆ ಸಂದಿಯಲ್ಲಿ ನುಗ್ಗಿದ ಗಾಳಿಯನ್ನು ತಂತಿ ಕಂಡೇ ಇರುವುದಿಲ್ಲ. ಕಂಪ್ಯೂಟರು ತೂಕಕ್ಕೆ ಬಂದ ಗಾಳಿಗಷ್ಟೇ ಪೆಟ್ರೋಲು ಕೊಡುತ್ತದೆ. ಉಳಿದ ಗಾಳಿಗೆ ಏನೂ ಸಿಗದೆ ಎಂಜಿನ್ ಸೊರಗಿ ನಿಲ್ಲುತ್ತದೆ. ತಣಿಯುವ ತನಕ ಕಾದು, ಪೈಪು ಒತ್ತಿ ಕ್ಲಿಪ್ಪು ಬಿಗಿದರೆ ಮತ್ತೆ ಸ್ವಲ್ಪ ದೂರ ಸರಿಹೋಗುತ್ತದೆ.

ಮಾರನೆಯ ದಿನ ಐ.ಟಿ.ಐ.ನ ಲೇತಿನಲ್ಲಿ ಅಲ್ಯುಮಿನಿಯಂ ಬಳೆ ಕಡೆದ. ಸಂಜೆ ಅದನ್ನು ಹಾಕಿಕೊಂಡು ಮಳವಳ್ಳಿ ದಾರಿಯಲ್ಲಿ ಹೋಗಿ, ನಿಲ್ಲಿಸಿ, ಬೇಕೆಂದೇ ಎಂಜಿನ್ ಕಾಯಿಸಿ ನೋಡಿದ. ಒಂದು ಸಲವೂ ನಡುಗಲಿಲ್ಲ. ಇಷ್ಟು ತಿಂಗಳ ಕೆಲಸ ಮುಗಿದಿತ್ತು. ಖುಷಿಯಾಗಬೇಕಿತ್ತು, ಮುಂದಿನ ಭಾನುವಾರ ಏನು ಮಾಡುವುದು ಎಂಬ ಯೋಚನೆ ಬಂತು.

ಹೊರಡುವ ಹಿಂದಿನ ದಿನ ಸಾಹೇಬರು, "ನನ್ ಬಳೆ ಹೆಂಗೈತೆ ಮೇಷ್ಟ್ರೇ?" ಎಂದು ಕೇಳಿದರು. ಚೆನ್ನಾಗಿದೆ ಎಂದ. ಅವರು ಅತ್ತ ಹೋದ ಮೇಲೆ ಬಾನೆಟ್ ಎತ್ತಿ, ಅಲ್ಯುಮಿನಿಯಂ ಬಳೆ ಬಿಚ್ಚಿ, ಮರದ್ದನ್ನೇ ಮತ್ತೆ ಕೂರಿಸಿದ. ಅವರ ಮನಸ್ಸು ನೋಯಬಾರದೆಂಬುದು ಒಂದು ಕಾರಣ. ಬಳೆ ಕಾದಾಗಲೆಲ್ಲ ಕಾರು ನಿಲ್ಲುತ್ತದೆ, ಕಾರು ನಿಂತರೆ ತಣಿಯುವ ತನಕ ಇಬ್ಬರೂ ಎಲ್ಲಾದರೂ ಕೂರಬೇಕಾಗುತ್ತದೆ ಎಂಬುದು ಇನ್ನೊಂದು. ಯಾವುದು ದೊಡ್ಡದೆಂದು ಅವನು ತೂಗಿ ನೋಡಲಿಲ್ಲ. ಬಿಚ್ಚಿದ ಬಳೆಯನ್ನು ಬಟ್ಟೆಯಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟ.

ಬೆಂಗಳೂರಿನ ಟ್ರಾಫಿಕ್ಕು ಬೇಡವೆಂದು ಹೇಳಿ ಮಾಗಡಿಯ ದಾರಿ ಹಿಡಿದ. ಸುತ್ತಿನ ದಾರಿಯೆಂದು ಗೊತ್ತಿದ್ದೂ ಸಾಹೇಬರು ಕಿಟಕಿಯ ಗಾಜು ಇಳಿಸಿ ಆರಾಮಾಗಿ ಕೂತರು. ಒಂದು ಟ್ರಂಕು, ಒಂದು ಗಂಟು, ಮೊಮ್ಮಗನಿಗೆಂದು ಉಳಿಸಿಕೊಂಡಿದ್ದ ಗಿಲಕಿಗಳ ಚೀಲ, ಇಷ್ಟೇ ಅವರ ಸಾಮಾನು. ರಾಮನಗರ ದಾಟಿ ಬಂಡೆಬೆಟ್ಟಗಳ ನಡುವೆ ಏರು ಹತ್ತುವಾಗ ಎಂಜಿನ್ ಎಣಿಸಿದಂತೆಯೇ ನಡುಗಿ ನಿಂತಿತು. ಇಬ್ಬರೂ ಇಳಿದು ಬಂಡೆಯ ನೆರಳಲ್ಲಿ ಕೂತರು. ಸಾಹೇಬರು ತಮ್ಮ ಮದುವೆಯ ದಿಬ್ಬಣದ ಲಾರಿ ಕೆಟ್ಟು ನಿಂತದ್ದನ್ನೂ ಶರ್ಫುನ್ನೀಸಾ ಕಡೆಯವರು ಕಾದು ಬೇಸತ್ತು ಬಿರಿಯಾನಿ ತಿಂದು ಮುಗಿಸಿದ್ದನ್ನೂ ಹೇಳಿದರು. ಇಷ್ಟು ವರ್ಷದಲ್ಲಿ ಆ ಕತೆ ನಟರಾಜು ಕೇಳಿರಲಿಲ್ಲ. ಲೇತು ತಿರುಗುವಾಗ ಇಷ್ಟು ಉದ್ದದ ಕತೆಗೆ ಬಿಡುವಿರುತ್ತಿರಲಿಲ್ಲ. ಅವನೂ ತಾಯಿಯ ಕೊನೆಯ ದಿನಗಳ ಬಗ್ಗೆ, ಯಾರಿಗೂ ಹೇಳದಿದ್ದ ಒಂದೆರಡು ಮಾತು ಹೇಳಿದ. ಎಂಜಿನ್ ತಣಿದದ್ದು ಇಬ್ಬರಿಗೂ ತಡವಾಗಿ ಗಮನಕ್ಕೆ ಬಂತು.

ಎರಡನೆಯ ಸಲ ನಿಂತದ್ದು ಮಾಗಡಿ ದಾಟಿ ಸೋಲೂರಿನ ದಾರಿಯಲ್ಲಿ, ದೊಡ್ಡ ಹುಣಿಸೆಮರದ ಹತ್ತಿರ. ಮರದ ಬುಡದಲ್ಲಿ ಹೆಂಗಸೊಬ್ಬಳು ಬುಟ್ಟಿಯಲ್ಲಿ ಸೌತೆಕಾಯಿ ಇಟ್ಟುಕೊಂಡು ಕೂತಿದ್ದಳು. ನಟರಾಜು ಸೌತೆಕಾಯಿ ಸೀಳಿಸಿ, ಉಪ್ಪು ಖಾರ ಹಾಕಿಸುತ್ತ ನಿಂತ. ಅಷ್ಟರಲ್ಲಿ ಸಾಹೇಬರು ತಾವೇ ಬಾನೆಟ್ ಎತ್ತಿದ್ದರು. ಕಣ್ಣು ಸರಿಯಾಗಿ ಕಾಣದಿದ್ದರೂ ಅವರ ಬೆರಳು ತಮ್ಮ ಕೆಲಸವನ್ನು ಹುಡುಕಿಕೊಂಡು ಹೋಗಿತ್ತು. ಬೆರಳಿಗೆ ಕೆಂಪು ಅಂಟಿತು. ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಕಾರಿನೊಳಗೆ ಬಗ್ಗಿ ಗೂಡು ತೆಗೆದರು.

ನಟರಾಜು ಎರಡೂ ಕೈಯಲ್ಲಿ ಸೌತೆಕಾಯಿ ಹಿಡಿದು ಬರುವಾಗ ಅವರು ಅಲ್ಯುಮಿನಿಯಂ ಬಳೆಯನ್ನು ಹೆಬ್ಬೆರಳಿನಿಂದ ಅಳೆಯುತ್ತಿದ್ದರು.

"ನನ್ ಅಳತೇನೇ," ಎಂದರು. "ಯಾವಾಗ ಮಾಡ್ದೆ?"

ಮೇಷ್ಟ್ರೇ ಎನ್ನಲಿಲ್ಲ. ಹೋದ ವಾರ ಎಂದ ನಟರಾಜು.

"ಅಂಗಾರೆ ಗೊತ್ತಿತ್ತು ನಿಂಗೆ."

"ಗೊತ್ತಿತ್ತು ಭಾಯ್."

"ನಲವತ್ತು ವರ್ಷ ಅರಗು ಕರಗಿಸ್ದೋನು ನಾನು. ಬಿಸಿ ತಾವ ಇಡೋ ಸಾಮಾನಿಗೆ ಅರಗು ಬಳುದ್ಬುಟ್ಟಿದೀನಿ. ನೀ ಬ್ಯಾಡ ಅಂದ್ರೂವೆ. ಅದ್ನ ನಂಗೆ ಹೇಳಕ್ಕೆ ನಾಚ್ಕಂಡ್ಯಾ?"

ಅದಕ್ಕಲ್ಲ ಎಂದ ನಟರಾಜು. ಸೌತೆಕಾಯಿಯ ನೀರು ಮಣಿಕಟ್ಟಿನ ತನಕ ಇಳಿಯುತ್ತಿತ್ತು. ಕೊನೆಗೆ, ಪಾಠ ಒಪ್ಪಿಸುವವನಂತೆ ನೆಲ ನೋಡುತ್ತ ಹೇಳಿದ:

"ಅದನ್ನ ಹಾಕಿದ್ರೆ ಕಾರು ನಿಲ್ತಿರ್ಲಿಲ್ಲ."

ಸಾಹೇಬರು ಕಾಣುವ ಕಣ್ಣಿನಿಂದ ಅವನನ್ನು ನೋಡಿದರು. ಆಮೇಲೆ ಅವನ ಕೈಯಿಂದ ಒಂದು ಸೌತೆಕಾಯಿ ತೆಗೆದುಕೊಂಡು ಮರದ ಬೇರಿನ ಮೇಲೆ ಕೂತರು. ಇಬ್ಬರೂ ತಿಂದು ಮುಗಿಸಿದರು. ಬಸ್ಸೊಂದು ಧೂಳೆಬ್ಬಿಸಿ ಹೋಯಿತು.

"ಮೊಮ್ಮಗ ಕಾಯ್ತಾ ಅವ್ನೆ, ನಟರಾಜು," ಎಂದರು ಸಾಹೇಬರು. "ಹಾಕ್ಬುಡು ಅದ್ನ."

ಅವನು ಎದ್ದ. ಅವರು ಕೈ ಹಿಡಿದು ಕೂರಿಸಿದರು.

"ಬಿಸೀಲೇ ಕೈ ಹಾಕ್ಬ್ಯಾಡ. ಒಸಿ ತಣೀಲಿ."

ಹಾಗೆ ಅವರು ಅಲ್ಲಿ ಕೂತರು. ಈ ಸಲ ಕತೆ ಬರಲಿಲ್ಲ. ಬಂದಿದ್ದರೂ, ಕೂತದ್ದಕ್ಕೆ ಕಾರಣ ಇಬ್ಬರಿಗೂ ಗೊತ್ತಿದ್ದುದರಿಂದ, ಅದು ಬೇರೆಯದೇ ಕತೆಯಾಗುತ್ತಿತ್ತು. ಬಾನೆಟ್ಟಿನೊಳಗೆ ಕಾದ ಲೋಹ ಟಿಕ್ ಟಿಕ್ ಎಂದು ತಣಿಯುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತ ಮೇಲೆ ನಟರಾಜು ಮರದ ಬಳೆ ಬಿಚ್ಚಿ ಲೋಹದ್ದನ್ನು ಕೂರಿಸಿದ. ಸಾಹೇಬರು ಕ್ಲಿಪ್ಪು ಹಿಡಿದುಕೊಂಡರು. ಬೆರಳಚ್ಚು ಬಿದ್ದು ಸುಕ್ಕಾಗಿದ್ದ ತಮ್ಮ ಬಳೆಯನ್ನು ಬಿಸಿಲಿಗೆ ಹಿಡಿದು ನೋಡಿ ಜುಬ್ಬದ ಜೇಬಿಗೆ ಹಾಕಿಕೊಂಡರು. ಅರಗೆಲ್ಲ ಹೆರೆದು ಬರೀ ಮರ ಮಾಡಿ ಕಳಿಸುತ್ತೇನೆ, ಆಗ ಹಾಕಿಕೊಳ್ಳುವೆಯಂತೆ ಎಂದರು. ಆಗಲಿ ಭಾಯ್ ಎಂದ ನಟರಾಜು. ಶಿಡ್ಲಘಟ್ಟದಲ್ಲಿ ಲೇತು ಇಲ್ಲವೆಂಬುದನ್ನು ಇಬ್ಬರೂ ಎತ್ತಲಿಲ್ಲ.

ಮುಂದೆ ಕಾರು ಎಲ್ಲಿಯೂ ನಿಲ್ಲಲಿಲ್ಲ. ನೆಲಮಂಗಲ, ದೊಡ್ಡಬಳ್ಳಾಪುರ, ಒಂದಾದ ಮೇಲೊಂದು ಊರು ಬಂದು ಹಿಂದೆ ಸರಿದವು. ಎಂಜಿನ್ನಿನ ಸದ್ದು ಎಷ್ಟು ಸಮವಾಗಿತ್ತೆಂದರೆ ಸಾಹೇಬರಿಗೆ ನಿದ್ದೆ ಹತ್ತಿತು. ಅವರ ತಲೆ ಕಿಟಕಿಗೆ ಬಡಿಯದಂತೆ ನಟರಾಜು ಗುಂಡಿಗಳನ್ನು ತಪ್ಪಿಸುತ್ತ ನಡೆಸಿದ. ಬೇಯುವ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಂದಾಗ ಶಿಡ್ಲಘಟ್ಟ ಬಂತೆಂದು ಗೊತ್ತಾಯಿತು. ಚನ್ನಪಟ್ಟಣದ ಅವರ ಓಣಿಯ ಹತ್ತಿರವೂ ರೇಷ್ಮೆ ನೂಲು ತೆಗೆಯುತ್ತಿದ್ದರು, ಅದು ಅಲ್ಲಿಯ ವಾಸನೆಯೇ ಆಗಿತ್ತು. ಮೆಹ್ರೀನ್ ಮಗುವನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಮಗು ತಾತನ ಗಡ್ಡ ಹಿಡಿದು ಎಳೆಯಿತು. ಸಾಹೇಬರು ಜೋರಾಗಿ ನಕ್ಕರು. ಆ ನಗು ಓಣಿಯಲ್ಲಿ ಅವನು ಎಂದೂ ಕೇಳಿದ್ದಲ್ಲ. ಶರ್ಫುನ್ನೀಸಾ ಊಟ ಮಾಡಿಸದೆ ಬಿಡಲಿಲ್ಲ, ರಾತ್ರಿ ಉಳಿಯಲು ಎಲ್ಲರೂ ಒತ್ತಾಯಿಸಿದರು. ನಾಳೆ ಕ್ಲಾಸಿದೆ ಎಂದ. ನಾಳೆ ರಜೆಯಿತ್ತು.

ಹೊರಡುವಾಗ ಸಾಹೇಬರು ಕಿಟಕಿಯ ಹತ್ತಿರ ಬಂದು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತರು.

"ಚೆನ್ನಾಗೈತೆ ಮೇಷ್ಟ್ರೇ," ಎಂದರು. "ಇನ್ನು ಎಲ್ಲೂ ನಿಲ್ಲಕ್ಕಿಲ್ಲ ಅದು."

ಹಿಂದಿರುಗುವ ದಾರಿಯೂ ಅದೇ. ಪಕ್ಕದ ಸೀಟಿನ ಮೇಲೆ ಕೆಂಪು ಅರಗಿನ ಒಂದು ಚಕ್ಕೆ ಬಿದ್ದಿತ್ತು. ಸೋಲೂರು ದಾಟಿದಾಗ ಬಿಸಿಲು ಇಳಿಯುತ್ತಿತ್ತು. ಹುಣಿಸೆಮರದ ಹತ್ತಿರ ನಟರಾಜು ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಸ್ವಲ್ಪ ಹೊತ್ತು ಎಂಜಿನ್ ಹಾಗೆಯೇ ಓಡಲು ಬಿಟ್ಟು ಕೇಳಿದ, ಎಲ್ಲಿಯೂ ಏರಿಳಿತವಿರಲಿಲ್ಲ. ಆಫ್ ಮಾಡಿ, ಇಳಿದು, ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದ. ಆಮೇಲೆ ಬೆಳಿಗ್ಗೆ ಕೂತಿದ್ದ ಬೇರಿನ ಮೇಲೆ ಹೋಗಿ ಕೂತ.

ಸೌತೆಕಾಯಿಯ ಹೆಂಗಸು ಬುಟ್ಟಿ ಖಾಲಿ ಮಾಡಿ ಸಿಂಬಿ ಸುತ್ತುತ್ತಿದ್ದಳು. ಅವನ ಗುರುತು ಹಿಡಿದಳು.

"ಜೊತೇಲಿದ್ದ ಸಾಬ್ರೆಲ್ಲಿ ಸ್ವಾಮಿ?"

"ಅವ್ರ ಊರು ಸೇರಿದ್ರು."

"ಗಾಡಿ ತಿರುಗಾ ಕೆಟ್ಟೋಯ್ತಾ?"

ನಟರಾಜು ತೆರೆದ ಬಾನೆಟ್ಟಿನ ಕಡೆ ನೋಡಿದ. ಒಳಗೆ ಲೋಹ ಟಿಕ್ ಟಿಕ್ ಎನ್ನತೊಡಗಿತ್ತು.

"ಊಂ," ಎಂದ. "ಬಿಸಿಯಾಗೈತೆ. ಒಸಿ ತಣೀಲಿ."